ಹಲ್ಲು ಎಣಿಸುವುದು

ರುಸ್ತಾವಿಯ ಜನವರಿ. ಸ್ಪ್ಯಾನರು ಹಿಡಿದರೆ
ಅಂಗೈ ಚರ್ಮ ಅದಕ್ಕೇ ಅಂಟಿ ಕೂರುವ ಚಳಿ.
ಲಾಮಾರಾಳ ಗ್ಯಾರೇಜಿನ ಬಾಗಿಲ ಮೊಳೆಗೆ
ಸೊಟ್ಟಗಾದ ಒಂದು ವಾಲ್ವು ತೂಗುತ್ತಿದೆ.
ಯಾರ ಕಾರಿನದು, ಯಾವ ವರ್ಷದ್ದು
ಎಂದು ಕೇಳಿದವರಿಗೆ ಅವಳು ಚಹಾ ಕೊಡುತ್ತಾಳೆ,
ಉತ್ತರ ಕೊಡುವುದಿಲ್ಲ.

ಎತೇರಿಯ ವ್ಯಾನು ಬಂದದ್ದು ಸೋಮವಾರ.
ಬೆಳಗಿನ ಜಾವ ನಾಲ್ಕಕ್ಕೆ ಚೀಸು ಹೊತ್ತು
ತ್ಬಿಲಿಸಿಯ ಸಂತೆಗೆ ಹೋಗುವ ವ್ಯಾನು.
ಜರ್ಮನಿಯಲ್ಲಿ ಹುಟ್ಟಿ, ಮೂರು ಕೈ ದಾಟಿ,
ನಾಲ್ಕನೆಯ ಕೈಯಲ್ಲಿ ಕೆಮ್ಮುತ್ತಿತ್ತು.
ಮುಚ್ಚಳ ತೆಗೆದರೆ
ಟೈಮಿಂಗ್ ಬೆಲ್ಟಿನ ಬೆನ್ನೆಲ್ಲ ಬಿರುಕು,
ಬೇಸಿಗೆಯ ಹಿಮ್ಮಡಿಯ ಹಾಗೆ.

ನಾನು ಕಾಗದ ನೋಡಿದೆ. ವರ್ಷ ನೋಡಿದೆ.
ಅಂಗಡಿಯ ಷೋತಾನಿಗೆ ಫೋನು ಮಾಡಿ
ಮಾಡೆಲ್ಲು ಹೇಳಿದೆ. ಮಧ್ಯಾಹ್ನಕ್ಕೆ ಡಬ್ಬಿ ಬಂತು:
ಬೆಲ್ಟು, ಟೆನ್ಷನರು, ಐಡ್ಲರು, ನೀರಿನ ಪಂಪು,
ಮದುವೆಯ ಜವಳಿಯಂತೆ ಮಡಿಸಿಟ್ಟಿದ್ದರು.
ಖುಷಿಗೆ ಕವರು ಹರಿದೆ.

"ತ್ಸೋತ್ನೆ," ಎಂದಳು ಲಾಮಾರಾ,
"ಹಳೆಯದನ್ನು ಇನ್ನೂ ಎಸೆಯಬೇಡ."

ಬೆಂಚಿನ ಮೇಲೆ ಹಳತು, ಪಕ್ಕದಲ್ಲಿ ಹೊಸತು.
ಸೀಮೆಸುಣ್ಣದಿಂದ ಮೊದಲ ಹಲ್ಲಿಗೆ ಬೊಟ್ಟಿಟ್ಟು
ಎಣಿಸು ಅಂದಳು.
ಎಣಿಸಿದೆ. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿ
ಮತ್ತೆ ಒಂದರಿಂದ ಎಣಿಸಿದೆ.
ಅದೂ ನೂರ ಮೂವತ್ತನಾಲ್ಕು. ಇದೂ ನೂರ ಮೂವತ್ತನಾಲ್ಕು.
ಅಗಲ ಅಳೆದೆ: ಅದೇ.
ನೋಡಿ, ಎಂದು ಎದೆ ಸೆಟೆಸಿ ನಿಂತೆ.

ಅವಳು ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ,
ಹಲ್ಲುಗಳ ಸಂದಿನಲ್ಲಿ ಉಗುರು ಓಡಿಸಿದಳು.
ಹಳೆಯದರಲ್ಲಿ ಉಗುರು ಜಾರಿ ಇಳಿಯಿತು, ಬಟ್ಟಲಿಗೆ ಇಳಿದಂತೆ.
ಹೊಸದರಲ್ಲಿ ಮೂಲೆಗೆ ತಾಗಿ ನಿಂತಿತು.
ಎಣಿಕೆ ಒಂದೇ. ಆಕಾರ ಬೇರೆ.

ಆಮೇಲೆ ಚಿಂದಿಬಟ್ಟೆ, ಸೀಮೆಎಣ್ಣೆ, ಟಾರ್ಚು.
ಬ್ಲಾಕಿನ ಪಕ್ಕೆಯಲ್ಲಿ ಹದಿನೈದು ವರ್ಷದ ಜಿಡ್ಡು ಒರೆಸಿದಾಗ
ಕೆತ್ತಿದ ನಂಬರು ಮೆಲ್ಲಗೆ ಕಣ್ಣು ಬಿಟ್ಟಿತು.
ಅದು ಕಾಗದದಲ್ಲಿದ್ದ ನಂಬರಲ್ಲ.
ಯಾವನೋ, ಯಾವಾಗಲೋ, ಯಾವುದೋ ಊರಲ್ಲಿ
ಈ ಮೈಗೆ ಬೇರೆಯ ಗುಂಡಿಗೆ ಇಟ್ಟಿದ್ದ;
ಯಾರಿಗೂ ಹೇಳಿರಲಿಲ್ಲ.

ಎತೇರಿ ಕೂಗಾಡಿದಳು.
ಡಬ್ಬಿಯ ಮೇಲೆ ನನ್ನದೇ ವ್ಯಾನಿನ ಚಿತ್ರವಿದೆಯಲ್ಲ,
ನಾಳೆಯ ಚೀಸಿಗೆ ಯಾರು ಹೊಣೆ,
ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಒಂದು ದಿನವೇ?

ಲಾಮಾರಾ ಮೊಳೆಯಿಂದ ವಾಲ್ವು ತೆಗೆದು
ಅವಳ ಕೈಯಲ್ಲಿಟ್ಟಳು.
"ಒಂದೇ ಕೋಣೆ. ಇಬ್ಬರು ಬಂದುಹೋಗುತ್ತಾರೆ.
ವಾಲ್ವು ಹಿಂದೆ ಸರಿದ ಮೇಲೆ ಪಿಸ್ಟನ್ನು ಮೇಲೆ ಬರಬೇಕು,
ನಿಮಿಷಕ್ಕೆ ಸಾವಿರ ಸಲ.
ಹಲ್ಲು ಜಾರಿದರೆ ಬರೀ ತಾಳ ತಪ್ಪುವುದಿಲ್ಲ ತಾಯಿ,
ತಲೆ ಒಡೆಯುತ್ತದೆ.
ಇದು ನನ್ನ ಅಣ್ಣನ ಟ್ಯಾಕ್ಸಿಯದು.
ಅಂದು ನಾನೂ ಡಬ್ಬಿಯ ಚಿತ್ರ ನೋಡಿದ್ದೆ."

ಎತೇರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ
ತಾನೇ ಮತ್ತೆ ಮೊಳೆಗೆ ಹಾಕಿದಳು.
ಆ ರಾತ್ರಿ ಚೀಸು ನೆರೆಯವನ ಕಾರಿನ
ಹಿಂದಿನ ಸೀಟಲ್ಲಿ ಕೂತು ಹೋಯಿತು.

ಸರಿಯಾದ ಬೆಲ್ಟು ಕುತಾಯಿಸಿಯಿಂದ
ಬಾಡಿಗೆ ವ್ಯಾನೊಂದರ ಡ್ರೈವರನ ತೊಡೆಯ ಮೇಲೆ ಬಂತು.
ಈ ಸಲ ಮೊದಲು ಉಗುರು, ಆಮೇಲೆ ಎಣಿಕೆ,
ಪಂಪಿನ ಹಲ್ಲಿಗೂ ಹಳೆಯ ಪಂಪಿನ ಹಲ್ಲಿಗೂ ಮುಖಾಮುಖಿ,
ಕವರು ಹರಿಯುವುದು ಕಟ್ಟಕಡೆಗೆ.
ಗುರುತಿಗೆ ಗುರುತು ಕೂಡಿಸಿ ಬಿಳಿ ಬಣ್ಣ ತೀಡಿದೆವು.
ಬೀಗದಕೈ ಅವಳ ಜೇಬಲ್ಲೇ ಇತ್ತು.
ಉದ್ದ ರಾಟೆಯಿಂದ, ಕೈಯಾರೆ, ಎರಡು ಪೂರಾ ಸುತ್ತು
ತಿರುಗಿಸಿದೆ, ಎಲ್ಲಾದರೂ ತಡೆದೀತೇ ಎಂದು
ಮೊಣಕೈಯಿಂದ ಆಲಿಸುತ್ತ.
ಬಿಳಿಚುಕ್ಕೆಗಳು ಹೋದವು, ಕಾಣೆಯಾದವು,
ಸುತ್ತಿ ಬಂದು ಹೊರಟಲ್ಲೇ ನಿಂತವು.
ಆಗ ಜೇಬಿಗೆ ಕೈ ಹಾಕಿದಳು.

ಷೋತಾ ಮೊದಲ ಡಬ್ಬಿ ವಾಪಸು ತಗೊಳ್ಳಲಿಲ್ಲ:
ಕವರು ಹರಿದಿದೆ, ಅಂದ.
ನನ್ನ ಸಂಬಳದಲ್ಲಿ ಅರವತ್ತು ಲಾರಿ ಕಡಿತ.
ಆ ಬೆಲ್ಟು ಈಗ ನಮ್ಮ ಗೇಟಿನ ಕುಣಿಕೆ.
ಗಾಳಿಗೆ ಬಾಗಿಲು ಬಡಿಯುವುದು ನಿಂತಿದೆ.
ಅಲ್ಲಿಗೆ ಅದು
ಹೇಳಿಮಾಡಿಸಿದ ಹಾಗೆ ಕೂರುತ್ತದೆ.